ಸೈಕಲ್ ಡೈರಿ 4: ಕ್ಯಾರಿಯರ್ ಎಲ್ಲಿ ಕಟ್ತೆ?

ಇನ್‌ಬಾಕ್ಸಲ್ಲಿ ಪದೇ ಪದೇ ಬರೋ ಪ್ರಶ್ನೆ: "ಭಾನುವಾರದ ರೈಡಿಗೂ ಆಗ್ಬೇಕು, ಬ್ಯಾಗ್ ಕಟ್ಕೊಂಡು ದೂರ ಹೋಗ್ಲಿಕ್ಕೂ ಆಗ್ಬೇಕು. ಯಾವ ರೋಡ್ ಬೈಕ್ ತಗೊಳ್ಲಿ?" ಉತ್ತರಕ್ಕೆ ಮೊದಲು ನಾನು ಮಾಡ್ಲಿಕ್ಕೆ ಹೊರಟಿದ್ದ ತಪ್ಪು ಹೇಳ್ತೇನೆ.

ನನ್ನ ವಾರದ ರೈಡ್ ಅಂದ್ರೆ ಕಾರವಾರದಿಂದ ಅಂಕೋಲೆ, ಸುಮಾರು 35 ಕಿ.ಮೀ. ಅಲ್ಲಿ ಆಯಿ ಒಬ್ಬಳೇ ಇರ್ತಾಳೆ. ಬೆಳಿಗ್ಗೆ ತಿಂಡಿಗೆ ಅಲ್ಲಿ, ಸಂಜೆ ವಾಪಸ್. ಎರಡು ವರ್ಷ ಕೂಡಿಟ್ಟ ದುಡ್ಡಲ್ಲಿ ಒಂದು ಸೆಕೆಂಡ್ ಹ್ಯಾಂಡ್ ರೇಸ್ ಬೈಕ್ ನೋಡಿದ್ದೆ. ಕಾರ್ಬನ್ ಫ್ರೇಮ್, 25 ಎಂಎಂ ಟೈರ್, ಒಂದೇ ಕೈಲಿ ಎತ್ತಬಹುದು. "ಒಂದು ದಿನ ಓಡಿಸಿ ನೋಡಿ" ಅಂದ್ರು ಮಾಲೀಕರು. ಸೀದಾ ಅಂಕೋಲೆಗೆ ಬಿಟ್ಟೆ. ಹೋಗುವಾಗ ಹಾರಿದ ಹಾಗೇ ಇತ್ತು.

ಆಯಿ ಸೈಕಲ್ಲಿಗೆ ಒಂದು ಸುತ್ತು ಬಂದು ನೋಡಿದ್ಲು. ಕೈಲಿ ಕರಿ ಇಶಾಡ ಹಣ್ಣಿನ ಚೀಲ.

"ತಮಾ, ಇದ್ಕೆ ಕ್ಯಾರಿಯರ್ರೇ ಇಲ್ವಲಾ! ಇದ್ನೆಲ್ಲಿ ಕಟ್ತೆ?"

ಅಪ್ಪನ ಹಳೇ ಅಟ್ಲಾಸಲ್ಲಿ ಅರ್ಧ ಮೂಟೆ ಅಕ್ಕಿ ಬರ್ತಿತ್ತು. ನಾನು ನಾಲ್ಕು ಹಣ್ಣು ಜೆರ್ಸಿ ಜೇಬಿಗೆ ತುರುಕಿಕೊಂಡು ಹೊರಟೆ. ಚೀಲ ಅಲ್ಲೇ ಉಳೀತು.

ಅವರ್ಸಾ ದಾಟುವಾಗ ಮಳೆ ಶುರು. ಬಿಣಗಾ ಹತ್ರ ಇಳಿಜಾರಲ್ಲಿ ಎದುರಿಗೆ ದನ. ಬ್ರೇಕ್ ಹಿಡಿದೆ, ಒದ್ದೆ ರಿಮ್ ಮೇಲೆ ರಬ್ಬರ್ ಜಾರ್ತಾನೇ ಹೋಯ್ತು. ದನಕ್ಕೆ ಒಂದು ಮಾರು ಇರುವಾಗ ನಿಂತೆ. ಕೈ ನಡುಗೋದು ನಿಲ್ಲಲಿಕ್ಕೆ ಹತ್ತು ನಿಮಿಷ ಬೇಕಾಯ್ತು. ಮರುದಿನ ಸೈಕಲ್ ವಾಪಸ್ ಕೊಟ್ಟೆ.

ಆಮೇಲೆ ಅಂಗಡಿಗೆ ಹೋದಾಗ ತೂಕ ಕೇಳಲಿಲ್ಲ. ಕೇಳಿದ್ದು ಇಷ್ಟು:

✅ ಸ್ಕ್ರೂ ತೂತು. ಹಿಂದಿನ ಗಾಲಿಯ ಅಚ್ಚಿನ ಹತ್ರ ಮತ್ತು ಸೀಟಿನ ಕೆಳಗೆ ಕ್ಯಾರಿಯರ್ ಕೂರಿಸೋ ತೂತು ಇದೆಯಾ? ಎಷ್ಟೋ ರೇಸ್ ಬೈಕಿಗೆ ಇರೋದಿಲ್ಲ. ಹಿಂದಿನ ಗಾಲಿ ತೀರಾ ಒಳಗಿದ್ರೆ ಪೆಡಲ್ ಮಾಡುವಾಗ ಹಿಮ್ಮಡಿ ಬ್ಯಾಗಿಗೆ ಬಡೀತದೆ, ಅದನ್ನೂ ನೋಡಿ.

✅ ಟೈರ್ ಜಾಗ. 32 ಎಂಎಂ ಹಿಡೀಬೇಕು, ಮೇಲೆ ಮಡ್‌ಗಾರ್ಡಿಗೂ ಜಾಗ ಬೇಕು. 2024ರ ಜುಲೈ 16ಕ್ಕೆ ಅಂಕೋಲೆ ಆಚೆ ಶಿರೂರಲ್ಲಿ ಗುಡ್ಡ ಕುಸಿದ ಮೇಲೆ, ಜೋರು ಮಳೆಗೆ ಹೈವೇ ಹತ್ತೋದಿಲ್ಲ ಅಂತ ಆಯಿಗೆ ಮಾತು ಕೊಟ್ಟಿದ್ದೇನೆ. ಮಳೆ ಬಿಟ್ಟ ದಿನವೂ ಆದಷ್ಟು ಬೇಲೇಕೇರಿ, ಕೇಣಿ ಕಡೆ ಒಳದಾರಿ. ಅಲ್ಲಿ ಹೊಂಡ, ಜಲ್ಲಿ. 25ರ ಟೈರಿಗೆ ಅದು ಶಿಕ್ಷೆ.

✅ ಡಿಸ್ಕ್ ಬ್ರೇಕ್. ನಾನು ತಗೊಂಡಿದ್ದು ಕೇಬಲ್ಲಿಂದು. ಕೇಬಲ್ ತುಂಡಾದ್ರೆ ಸಣ್ಣ ಊರಲ್ಲೂ ಹಾಕಿಸ್ಕೊಳ್ಳಬಹುದು.

✅ ಗೇರ್. ಮುಂದೆ ಸಣ್ಣದು 34 ಹಲ್ಲು, ಹಿಂದೆ ದೊಡ್ಡದು 34. ಪೆಡಲ್ ಒಂದು ಸುತ್ತಿಗೆ ಗಾಲಿ ಒಂದೇ ಸುತ್ತು. ಆ ರೇಸ್ ಬೈಕಲ್ಲಿ 36ಕ್ಕೆ 28, ಅಂದ್ರೆ ಸುಮಾರು 1.3 ಸುತ್ತು. ಕಡಲ ದಂಡೇಲಿ ಈ ವ್ಯತ್ಯಾಸ ಗೊತ್ತಾಗೋದಿಲ್ಲ. ಬ್ಯಾಗ್ ಕಟ್ಕೊಂಡು ಯಲ್ಲಾಪುರಕ್ಕೆ ಅರಬೈಲ್ ಘಟ್ಟ ಹತ್ತುವಾಗ ಮೊಣಕಾಲು ಹೇಳ್ತದೆ.

ಕೊನೆಗೆ ಮನೆಗೆ ಬಂದಿದ್ದು ಅಲ್ಯೂಮಿನಿಯಂ ಫ್ರೇಮಿನ ಎಂಡ್ಯೂರೆನ್ಸ್ ರೋಡ್ ಬೈಕ್. ಹ್ಯಾಂಡಲ್ ಸ್ವಲ್ಪ ಎತ್ತರ, ನಾಲ್ಕು ತಾಸು ಕೂತ್ರೂ ಬೆನ್ನು ಹಿಡಿಯೋದಿಲ್ಲ. ಕಳಕೊಂಡದ್ದೂ ಇದೆ. ಭಾನುವಾರ ಗೆಳೆಯರ ಗುಂಪಲ್ಲಿ ನಾನೇ ಕೊನೆ. ಅವರು ಚಾ ಕುಡಿದು ಗ್ಲಾಸ್ ಇಟ್ಟ ಮೇಲೆ ನಾನು ಮುಟ್ತೇನೆ. ಮೊದಮೊದಲು ಬೇಜಾರಾಗ್ತಿತ್ತು, ಈಗ ಇಲ್ಲ.

ಒಂದು ಕಿವಿಮಾತು: ನಮ್ಮ ಕಡೆ ಉಪ್ಪುಗಾಳಿ. ರೈಡ್ ಮುಗಿದ ಮೇಲೆ ಸಿಹಿನೀರಲ್ಲಿ ಒರೆಸಿ, ಚೈನ್ ಒಣಗಿಸಿ ಎಣ್ಣೆ ಬಿಡಿ. ಬಿಟ್ರೆ ತುಕ್ಕು ಗ್ಯಾರಂಟಿ.

ಅತಿ ಒಳ್ಳೆ ದಿನ ಎಷ್ಟು ಜೋರಾಗಿ ಓಡ್ತದೆ ಅಂತ ನೋಡಿ ಸೈಕಲ್ ತಗೊಳ್ಬೇಡಿ. ಅತಿ ಕೆಟ್ಟ ಹತ್ತು ಕಿ.ಮೀ.ನಲ್ಲಿ ಏನು ಮಾಡ್ತದೆ ಅಂತ ನೋಡಿ.

ಫೋಟೋದಲ್ಲಿ ಹಿಂದಿರೋ ಚೀಲ ಆಯಿದು. ಈ ಸಲ ಒಂದು ಹಣ್ಣೂ ಅಲ್ಲಿ ಉಳೀಲಿಲ್ಲ. 🥭

ನಿಮ್ಮ ಸೈಕಲ್ಲಲ್ಲಿ ಏನು ಹೊತ್ಕೊಂಡು ಹೋಗ್ತೀರಿ? ಕೆಳಗೆ ಬರೀರಿ.

#ಸೈಕಲ್‌ಡೈರಿ #ಕಾರವಾರ #ಅಂಕೋಲಾ