ಬೆಂಜೀನ್ ಉಂಗುರ, ಮಸ್ಕಿಯ ಬಂಡೆ ಮತ್ತು ಒಂದು ಹಳೇ ಪ್ರಶ್ನೆ

ಹೋದ ರವಿವಾರ ಮಗಳ ಜೊತೆ ಸಿಂಧನೂರಿನಿಂದ ಲಿಂಗಸುಗೂರಿಗೆ ಹೊರಟಿದ್ದೆ. ಅಲ್ಲಿ ನಮ್ಮ ಅಕ್ಕನ ಮನೆ. ಮಗಳದು ಈಗ ಸೆಕೆಂಡ್ ಪಿಯುಸಿ ಸೈನ್ಸು, ಬಸ್ಸಲ್ಲೂ ಕೆಮಿಸ್ಟ್ರಿ ಪುಸ್ತಕ ಬಿಡಲಿಲ್ಲ. ಕಿಟಕಿಯಾಚೆ ಭತ್ತದ ಗದ್ದೆಗಳು ಹಿಂದೆ ಸರಿಯುತ್ತಿದ್ದಾಗ ಥಟ್ಟನೆ ಕೇಳಿದಳು, "ಅಪ್ಪಾ, ಬೆಂಜೀನ್ ಷಟ್ಕೋನ ಐತಿ ಅಂತ ಯಾರ್ ನೋಡ್ಯಾರ?"

ಒಂದು ಕ್ಷಣ ನನಗೆ ಮಾತೇ ಹೊರಡಲಿಲ್ಲ. ಇದೇ ಪ್ರಶ್ನೆ ನಾನೂ ಪಿಯುಸಿಯಲ್ಲಿ ಕೇಳಿದ್ದೆ! ಕೆಕುಲೆಗೆ ಕನಸಲ್ಲಿ ಹಾವು ತನ್ನ ಬಾಲ ತಾನೇ ಕಚ್ಚಿಕೊಂಡಂತೆ ಕಂಡಿತು, ಹಾಗಾಗಿ ಬೆಂಜೀನ್ ಉಂಗುರ ಅಂದಿದ್ದರು ಮೇಷ್ಟ್ರು. "ಕನಸು ಬಿದ್ರ ಖರೆ ಆಗ್ತದೇನ್ರಿ ಸರ್?" ಅಂದೆ. ಇಡೀ ಕ್ಲಾಸು ನಕ್ಕಿತು. "ಹೊರಗ ನಿಂತು ಕನಸ ಕಾಣು ಹೋಗು" ಅಂದರು. ಅವತ್ತಿನಿಂದ ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ಕೆಮಿಸ್ಟ್ರಿಯಲ್ಲಿ ಫೇಲಾಗಿ ಬಿಎ ಸೇರಿದೆ. ಆದರೆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ ನೋಡಿ... ಎಷ್ಟೋ ವರ್ಷಗಳ ಮೇಲೆ ಹುಡುಕಿ ಓದಿದೆ.

1825ರಲ್ಲಿ ಮೈಕೆಲ್ ಫ್ಯಾರಡೆ, ದೀಪ ಉರಿಸುವ ಗ್ಯಾಸಿನಿಂದ ಉಳಿದ ಎಣ್ಣೆಯಂಥ ದ್ರವದಲ್ಲಿ ಬೆಂಜೀನನ್ನು ಬೇರ್ಪಡಿಸಿದ. ಅದರಲ್ಲಿ ಆರು ಕಾರ್ಬನ್, ಆರೇ ಹೈಡ್ರೋಜನ್. ಕಾರ್ಬನ್ನಿಗೆ ನಾಲ್ಕು ಕೈ ಅಂದುಕೊಳ್ಳಿ. ಆರು ಕಾರ್ಬನ್‌ಗಳನ್ನು ಸಾಲಾಗಿ ನಿಲ್ಲಿಸಿದರೆ 14 ಹೈಡ್ರೋಜನ್ ಹಿಡಿಯಬಹುದು. ಹಾಗಾದರೆ ಉಳಿದ ಕೈಗಳು ಏನು ಮಾಡುತ್ತಿವೆ?

1865ರಲ್ಲಿ ಕೆಕುಲೆ ಉತ್ತರ ಕೊಟ್ಟ: ಆರೂ ಸುತ್ತಲೂ ಕೈ ಹಿಡಿದು ಉಂಗುರವಾಗಿವೆ. ಕನಸಿನ ಕಥೆ ಅವನು ಸಭೆಯಲ್ಲಿ ಹೇಳಿದ್ದು 1890ರಲ್ಲಿ, 25 ವರ್ಷಗಳ ನಂತರ! ಉಂಗುರವನ್ನು ಜನ ಒಪ್ಪಿದ್ದು ಲೆಕ್ಕ ಕೂಡಿ ಬಂದಿದ್ದಕ್ಕೆ. ಒಂದು ಹೈಡ್ರೋಜನ್ ತೆಗೆದು ಕ್ಲೋರಿನ್ ಇಟ್ಟರೆ ಒಂದೇ ಬಗೆಯ ವಸ್ತು ಸಿಗುತ್ತದೆ, ಎರಡು ಇಟ್ಟರೆ ಮೂರು ಬಗೆ. ಆದರೂ ಒಂದು ತೊಡಕು ಉಳಿಯಿತು. ಉಂಗುರದಲ್ಲಿ ಒಂಟಿ ಬಂಧ, ಜೋಡಿ ಬಂಧ ಒಂದರ ಪಕ್ಕ ಒಂದು ಬಂದರೆ ಮೂರಲ್ಲ, ನಾಲ್ಕು ಬಗೆ ಸಿಗಬೇಕಿತ್ತು. ಬಂಧಗಳು ಜಾಗ ಬದಲಿಸುತ್ತಲೇ ಇರುತ್ತವೆ ಅಂತ 1872ರಲ್ಲಿ ಕೆಕುಲೆ ಸಮಾಧಾನ ಹೇಳಿದ.

"ಮತ್ತ ನೋಡಿದ್ಯಾರು?" ಮಗಳು ಬಿಡಬೇಕಲ್ಲ!

ಅಷ್ಟರಲ್ಲಿ ಮಸ್ಕಿ ಬಂತು. "ಇಳಿ, ತೋರಿಸ್ತೀನಿ" ಅಂದೆ.

ಅಶೋಕನ ಶಾಸನದ ಬಂಡೆಯ ಹತ್ತಿರ ಕರೆದುಕೊಂಡು ಹೋದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದಾಗ ಸಿಕ್ಕಿದ್ದು 'ದೇವಾನಾಂಪ್ರಿಯ ಪ್ರಿಯದರ್ಶಿ' ಎಂಬ ಹೆಸರು. ಅವನೇ ಅಶೋಕ ಅಂತ ಶ್ರೀಲಂಕಾದ 'ದೀಪವಂಶ'ದ ಆಧಾರದಿಂದ ಊಹಿಸಿದರು. ಊಹೆ ಸರಿಯೇ ಇತ್ತು, ಆದರೆ ಕಲ್ಲಿನ ಸಾಕ್ಷಿ ಬೇಕಿತ್ತು. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್‌ಗೆ ಇಲ್ಲಿ ಈ ಶಾಸನ ಸಿಕ್ಕಿತು. ಅದರಲ್ಲಿ ಅಶೋಕ ಅಂತ ಹೆಸರೇ ಇತ್ತು! 78 ವರ್ಷಗಳ ಊಹೆಗೆ ನಮ್ಮೂರ ಪಕ್ಕದ ಬಂಡೆ ರುಜು ಹಾಕಿತು.

ಬೆಂಜೀನಿಗೂ ಹಾಗೇ ಆಯ್ತು ಕಣ್ರೀ. 1929ರಲ್ಲಿ ಕ್ಯಾಥ್ಲೀನ್ ಲಾನ್ಸ್‌ಡೇಲ್ ಎಂಬ ಹೆಣ್ಣುಮಗಳು, ಆರೂ ಹೈಡ್ರೋಜನ್ ಜಾಗದಲ್ಲಿ ಮೀಥೈಲ್ ಗುಂಪುಗಳಿರುವ ಬೆಂಜೀನ್ ಸಂಯುಕ್ತದ ಹರಳಿಗೆ ಎಕ್ಸ್-ರೇ ಹಾಯಿಸಿದರು. ಚುಕ್ಕೆಗಳನ್ನು ಅಳೆದು ಲೆಕ್ಕ ಹಾಕಿದರೆ ಉಂಗುರ ಚಪ್ಪಟೆ, ಆರೂ ಬಾಹುಗಳು ಸಮ. ಒಂಟಿಯೂ ಅಲ್ಲ, ಜೋಡಿಯೂ ಅಲ್ಲ, ನಡುವಿನ ಬಂಧ. ಎಲೆಕ್ಟ್ರಾನುಗಳು ಇಡೀ ಉಂಗುರಕ್ಕೆ ಸೇರಿದವು ಅಂತ ಹ್ಯೂಕೆಲ್, ಪಾಲಿಂಗ್ 1930ರ ದಶಕದಲ್ಲಿ ವಿವರಿಸಿದರು. ಕೆಕುಲೆಯ ಊಹೆಗೆ ರುಜು ಬೀಳಲು 64 ವರ್ಷ ಬೇಕಾಯ್ತು.

ಮಗಳು ಬಂಡೆಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು, "ಹಂಗಾದ್ರ ನಿನ್ನ ಪ್ರಶ್ನೆ ಸರಿನೇ ಇತ್ತಲ್ಲಪ್ಪಾ."

ಇಷ್ಟು ವರ್ಷ ಯಾರಾದರೂ ಹೀಗನ್ನಲಿ ಅಂತ ಕಾಯುತ್ತಿದ್ದೆ ಅನ್ನುವುದು ನನಗೆ ಗೊತ್ತಾಗಿದ್ದೇ ಆಗ. ಲಿಂಗಸುಗೂರಿನ ಬಸ್ಸು ಬಂತು, ಹತ್ತಿದೆವು. "ಕ್ಲಾಸಿನ್ಯಾಗೂ ಕೇಳು, ನಕ್ಕರ ನಗಲಿ" ಅಂದೆ.