ಎರಡು ಹುಣ್ಣಿಮೆಗಳ ನಡುವೆ

ಕೆಲಸದ ನಿಮಿತ್ತ ಒಂದು ಚಳಿಗಾಲವನ್ನೆಲ್ಲ ನಾವು ಸವದತ್ತಿಯಲ್ಲಿ ಕಳೆಯಬೇಕಾಯಿತು. ನಮ್ಮ ಬಿಡಾರವಿದ್ದ ಓಣಿಯಲ್ಲಿ ಬರಿಯ ಪಾತ್ರೆಯನ್ನು ಮರಳಿಸುವ ವಾಡಿಕೆಯಿರಲಿಲ್ಲ. ಎದುರುಮನೆಯ ಅವ್ವನಿಂದ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ಬಂದರೆ, ಅದೇ ತಾಟಿನಲ್ಲಿ ನಮ್ಮ ಮನೆಯಿಂದ ಶೇಂಗಾ ಚಟ್ನಿ ಹೋಗುವದು. ಹೀಗೆ ಹತ್ತೇ ದಿನಗಳಲ್ಲಿ ನಾವು ಪರಸ್ಥಳದವರೆಂಬುದನ್ನು ಓಣಿಯು ಮರೆತುಬಿಟ್ಟಿತು.

ಮಾರ್ಗಶಿರದ ಹೊಸ್ತಿಲ ಹುಣ್ಣಿಮೆ ಬಂದಿತು. ಜಮದಗ್ನಿಯ ಮರಣವನ್ನು ನೆನೆದು ಗುಡ್ಡದ ಮೇಲೆ ಎಲ್ಲಮ್ಮನ ಕಂಕಣ-ಮಂಗಳಸೂತ್ರಗಳನ್ನು ಅಂದು ವಿಸರ್ಜಿಸುವರು. ಮಾಘದ ಭಾರತ ಹುಣ್ಣಿಮೆಗೆ ದೇವಿಯು ಮರಳಿ ಮುತ್ತೈದೆಯಾಗುವಳು. ಇದನ್ನು ನನಗೆ ತಿಳಿಸಿದವಳು ಎದುರುಮನೆಯ ಅವ್ವ. ತನ್ನ ಬರಿಗೈಗಳನ್ನು ನೋಡಿಕೊಂಡು, “ಆಕೀಗೆ ಎರಡ ತಿಂಗಳು, ತಮ್ಮಾ, ನನಗ ನಲವತ್ತು ವರ್ಷ ಆತು” ಎಂದಳು.

ಭಾರತ ಹುಣ್ಣಿಮೆಯಂದು ಓಣಿಯ ಹೆಂಗಸರು ಮನೆಮನೆಗೆ ಹೋಗಿ ಅರಿಷಿಣ-ಕುಂಕುಮ ಕೊಟ್ಟರು. ಆ ಒಂದು ಬಾಗಿಲನ್ನು ಮಾತ್ರ ಎಲ್ಲರೂ ದಾಟಿ ನಡೆದರು. ನನ್ನ ಹೆಂಡತಿ ಅರೆಗಳಿಗೆ ನಿಂತಳು. ಬಳಿಕ ಅವಳೂ ದಾಟಿದಳು. ಕಟ್ಟೆಯ ಮೇಲೆ ಕುಳಿತಿದ್ದ ನಾನೂ ಸುಮ್ಮನಿದ್ದೆನು.

ಮರುದಿನ ಆ ಬಾಗಿಲಿನಿಂದಲೇ, ಎಂದಿನಂತೆ, ರೊಟ್ಟಿಯ ತಾಟು ಬಂದಿತು. ಅದನ್ನು ತುಂಬಿ ಕಳಿಸಲು ತಕ್ಕ ವಸ್ತುವೊಂದೂ ಅಂದು ನಮ್ಮ ಮನೆಯಲ್ಲಿ ಕಾಣಲಿಲ್ಲ.