ಗಂಟಲಿಗೆ ಕರೆಂಟು ಇಡಿಸಿಕೊಂಡದ್ದು

ನನ್ನದು ಗಂಟಲ ಕ್ಯಾನ್ಸರ್. ಆಪರೇಷನ್ ಬೇಡ, ರೇಡಿಯೇಷನ್ನಿನ ಜೊತೆ ಕೀಮೋ ಕೊಡೋಣ ಎಂದರು ಡಾಕ್ಟರು. ರೇಡಿಯೇಷನ್ನಿನ ಡೋಸು ಒಟ್ಟು 70 ಗ್ರೇ; ದಿನಕ್ಕೆ 2 ಗ್ರೇಯಂತೆ ವಾರಕ್ಕೆ ಐದು ದಿನ, ಏಳು ವಾರ. ‘ಕರೆಂಟು ಇಟ್ಟು ಗಡ್ಡೆ ಸುಡ್ತಾರೆ’ ಅಂತಲೇ ಮನೆಯಲ್ಲೆಲ್ಲ ಮಾತು.

ಬಿಸಿನೀರಲ್ಲಿ ಮೆತ್ತಗಾಗಿಸಿದ ತೂತುತೂತಿನ ಪ್ಲಾಸ್ಟಿಕ್ ಹಾಳೆಯನ್ನು ಮುಖದ ಮೇಲೆಳೆದು ಅಚ್ಚು ತೆಗೆದರು. ದಿನವೂ ಆ ಮುಖವಾಡ ಹಾಕಿ ತಲೆಯನ್ನು ಟೇಬಲ್ಲಿಗೆ ಬಿಗಿಯುತ್ತಿದ್ದರು. ಉಗುಳು ನುಂಗಲೂ ಕಷ್ಟ. ಯಂತ್ರ ಸುತ್ತ ತಿರುಗುವಾಗ ಮಾತ್ರ ನೋವಿಲ್ಲ, ಬಿಸಿಯೂ ಇಲ್ಲ.

‘ಸುಡದೆ ಹೇಗೆ ಸಾಯುತ್ತೆ ಮೇಡಂ?’ ಎಂದೆ. ಡಾಕ್ಟರಮ್ಮ ಬಿಡಿಸಿ ಹೇಳಿದರು. ಯಂತ್ರದಿಂದ ಬರುವ ಎಕ್ಸ್‌ರೇ ಹೆಚ್ಚಾಗಿ ಜೀವಕೋಶದೊಳಗಿನ ನೀರನ್ನು ಒಡೆಯುತ್ತದೆ. ಅದರಿಂದ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳು ಡಿಎನ್‌ಎಯನ್ನು ಕಡಿಯುತ್ತವೆ. ಒಂದೆಳೆ ತುಂಡಾದರೆ ಕೋಶ ಎದುರಿನ ಎಳೆ ನೋಡಿ ಸರಿಮಾಡಿಕೊಳ್ಳುತ್ತದೆ. ಎರಡೆಳೆಯೂ ಒಂದೇ ಕಡೆ ತುಂಡಾದರೆ ಕಷ್ಟ. ಆಗಲೂ ಕೋಶ ಹೆಚ್ಚಾಗಿ ಕೂಡಲೇ ಸಾಯುವುದಿಲ್ಲ, ಹರಿದ ಕ್ರೋಮೋಸೋಮುಗಳನ್ನೇ ಹೊತ್ತು ಎರಡಾಗಲು ಹೋಗಿ ಸಾಯುತ್ತದೆ. ಏಟು ಒಳ್ಳೆಯ ಕೋಶಗಳಿಗೂ ಬೀಳುತ್ತದೆ. ಆದರೆ ಮರುದಿನದೊಳಗೆ ಅವು ಬಹುಮಟ್ಟಿಗೆ ರಿಪೇರಿಯಾಗುತ್ತವೆ, ಕ್ಯಾನ್ಸರ್ ಕೋಶಗಳಿಗೆ ಸಾಮಾನ್ಯವಾಗಿ ಅಷ್ಟು ಸಾಧ್ಯವಾಗದು. ಡೋಸನ್ನು ದಿನಕ್ಕಿಷ್ಟೆಂದು ಹಂಚುವುದು ಅದಕ್ಕೇ.

ಕೇಳುವಾಗ ಚೆನ್ನಾಗಿತ್ತು. ಬಾಯಿಯ ಒಳಪೊರೆಯ ಕೋಶಗಳೂ ಬೇಗ ಬೇಗ ಎರಡಾಗುವಂಥವೇ ಎಂಬುದು ಮೂರನೇ ವಾರ ತಿಳಿಯಿತು. ಬಾಯಿತುಂಬ ಹುಣ್ಣು. ಗಂಜಿ ತಿಳಿ ಇಳಿದರೂ ಮೆಣಸಿನಪುಡಿ ಸುರಿದ ಹಾಗೆ. ಸಾರು, ಮಜ್ಜಿಗೆ ಎಲ್ಲಕ್ಕೂ ಒಂದೇ ರುಚಿ, ಅಂದರೆ ರುಚಿಯೇ ಇಲ್ಲ. ಕೊನೆಗೆ ಮೂಗಿನಿಂದ ಟ್ಯೂಬ್ ಹಾಕಿದರು. ಹೆಂಡತಿ ರಾಗಿ ಅಂಬಲಿ ಸೋಸಿ, ಸಿರಿಂಜಿನಲ್ಲಿ ನಿಧಾನಕ್ಕೆ ಬಿಡುತ್ತಿದ್ದಳು.

‘ಒಂದು ವಾರ ಬಿಟ್ಟು ಬರ್ತೀನಿ’ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ, ಮಾತು ಹೊರಡುತ್ತಿರಲಿಲ್ಲ. ಡಾಕ್ಟರಮ್ಮ ಒಪ್ಪಲಿಲ್ಲ. ಅಳಿದುಳಿದ ಕ್ಯಾನ್ಸರ್ ಕೋಶಗಳು ಆ ಬಿಡುವಿನಲ್ಲಿ ಮೊದಲಿಗಿಂತ ಜೋರಾಗಿ ಬೆಳೆಯುತ್ತವಂತೆ.

ಟ್ರೀಟ್‌ಮೆಂಟ್ ಮುಗಿದ ಮೇಲೂ ಹುಣ್ಣು ಏರುತ್ತಲೇ ಹೋಗಿ, ಆಮೇಲೆ ಇಳಿಯಿತು. ಪೆಟ್ ಸ್ಕ್ಯಾನ್ ಮಾಡಿದ್ದು ಮೂರು ತಿಂಗಳಾದ ಮೇಲೆ. ಅಲ್ಲಿಯವರೆಗೂ ಕೋಶಗಳು ಸಾಯುತ್ತಿರುತ್ತವೆ, ಬೇಗ ನೋಡಿದರೆ ಉರಿಯೂತವೇ ಗಡ್ಡೆಯಂತೆ ಕಂಡೀತು. ನನ್ನ ಸ್ಕ್ಯಾನಿನಲ್ಲಿ ಗಡ್ಡೆ ಕಾಣಲಿಲ್ಲ. ಜೊಲ್ಲು ಮಾತ್ರ ಪೂರ್ತಿ ಮರಳಿಲ್ಲ, ಅನ್ನ ನುಂಗಲು ಪಕ್ಕದಲ್ಲಿ ನೀರು ಬೇಕೇ ಬೇಕು.

ಹುಣ್ಣಿಗೆ ಹೆದರಿ ಅರ್ಧಕ್ಕೇ ಬಿಟ್ಟು ಊರಿಗೆ ಹೊರಟವರನ್ನು ಕಂಡಿದ್ದೇನೆ. ನೀವು ಹಾಗೆ ಹೋಗಬೇಡಿ. ನೋವಿಗೆ ಔಷಧಿ ಕೇಳಿ, ಟ್ಯೂಬ್ ಬೇಕಾದರೆ ಹಾಕಿಸಿಕೊಳ್ಳಿ, ಆದರೆ ಕರೆಂಟು ತಪ್ಪಿಸಬೇಡಿ.